ಮೇಷ್ಟರ ಹತ್ತಕ್ಕೆ ನಾಲ್ಕು

ಪ್ರಬಂಧಕ್ಕೆ ಹತ್ತರಲ್ಲಿ ನಾಲ್ಕು ಅಂಕ ದೊರೆಯಿತೆಂದರೆ ಆ ಮೇಷ್ಟರ ತರಗತಿಯಲ್ಲಿ ಅದೇ ಪರಮ ಗೌರವ. ಅಲ್ಲಿಯೇ ಕಲಿತ ಸ್ವಂತ ಮಗಳಿಗೂ ಅದಕ್ಕಿಂತ ಹೆಚ್ಚು ದಕ್ಕಿರಲಿಲ್ಲ. ಈಗ ಅವರ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿತ್ತು. ಗುಣಪಡಿಸುವ ಮಾತನ್ನು ವೈದ್ಯರು ಕೈಬಿಟ್ಟಿದ್ದರು. ಉಳಿದದ್ದು ನೋವನ್ನು ತಗ್ಗಿಸುವ ಕೆಲಸವೊಂದೇ. ಅದಕ್ಕೆಂದು ಆಸ್ಪತ್ರೆಯವರು ಹೊಸದಾಗಿ ಆರಂಭಿಸಿದ್ದ ವ್ಯಾನು ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬರುತ್ತಿತ್ತು.

ಆ ದಿನ ಮೇಷ್ಟರು ಇಸ್ತ್ರಿಯ ಅಂಗಿ ತೊಡಿಸಿಕೊಂಡು, ದಿಂಬಿಗೊರಗಿ, ಪರೀಕ್ಷಾಧಿಕಾರಿಯಂತೆ ಕುಳಿತಿದ್ದರು. ಬೆಳಗ್ಗೆಯಷ್ಟೇ ಟವೆಲ್ಲನ್ನು ಹಲ್ಲಿನಲ್ಲಿ ಕಚ್ಚಿಹಿಡಿದು ಹೊರಳಾಡಿದವರು ಇವರೇ ಎಂದರೆ ಯಾರೂ ನಂಬುವಂತಿರಲಿಲ್ಲ.

"ನೋವು ಎಷ್ಟಿದೆ ಮೇಷ್ಟ್ರೇ? ಸೊನ್ನೆ ಅಂದ್ರೆ ಇಲ್ವೇ ಇಲ್ಲ, ಹತ್ತು ಅಂದ್ರೆ ತಡೆಯೋಕಾಗಲ್ಲ," ಎಂದು ವ್ಯಾನಿನಲ್ಲಿ ಬಂದಿದ್ದ ನರ್ಸು ಕೇಳಿದಳು.

"ನಾಲ್ಕು."

"ಅಪ್ಪಾ!" ಮಗಳು ಕೈಯಲ್ಲಿದ್ದ ಲೋಟವನ್ನು ಕುಕ್ಕಿದಳು. "ಸಿಸ್ಟರ್, ಇವರ ನಾಲ್ಕು ಅಂದ್ರೆ ಊರೋರ ಹತ್ತು. ಕ್ಲಾಸಲ್ಲಿ ಯಾರಿಗೂ ಐದು ಹಾಕಿದವರಲ್ಲ."

"ಬರೆದಿದ್ರೆ ತಾನೇ ಹಾಕೋದು?" ಎಂದರು ಮೇಷ್ಟರು. "ನೀನಂತೂ ಅಲ್ಪವಿರಾಮನ ಉಪ್ಪಿನ ಹಾಗೆ ಉದುರಿಸ್ತಿದ್ದೆ."

ನರ್ಸು ನಕ್ಕಳು, ಮರುಕ್ಷಣವೇ ಅವಳ ಮುಖ ಸಪ್ಪಗಾಯಿತು. "ನಂಗೂ ಕಾಣ್ತಿದೆ ಅಕ್ಕಾ. ಆದ್ರೆ ಏಳಾದ್ರೂ ಇದ್ರೇನೇ ಡೋಸ್ ಏರಿಸೋದು, ಅದೂ ಅವರ ಬಾಯಿಂದ್ಲೇ ಬರಬೇಕು. ಡಾಕ್ಟ್ರು ಫೋನಲ್ಲಿ ಮೊದಲು ಕೇಳೋದೇ ಅದನ್ನ."

"ಹೇಳಿ ಅಪ್ಪಾ, ನಿಮ್ಮ ಗಂಟೇನು ಹೋಗುತ್ತೆ?"

"ಸುಳ್ಳು ಅಂಕ ಕೊಡು ಅಂತೀಯಾ?"

ಹಳೆಯ ಪ್ರಮಾಣದ ಮಾತ್ರೆಗಳನ್ನೇ ಕಿಟಕಿಯ ಕಟ್ಟೆಯ ಮೇಲಿಟ್ಟು ನರ್ಸು ಹೊರಟಳು. ಇನ್ನೂ ಎಷ್ಟೋ ಮನೆಗಳು ಅವಳಿಗಾಗಿ ಕಾದಿದ್ದವು. ವ್ಯಾನಿನ ಸದ್ದು ಬೀದಿಯ ತಿರುವಿನಲ್ಲಿ ಅಡಗುವವರೆಗೂ ಮೇಷ್ಟರ ಬೆನ್ನು ನೆಟ್ಟಗಿತ್ತು. ಬಳಿಕ ಒಮ್ಮೆಲೇ ಮಗ್ಗುಲಿಗೆ ಕುಸಿದರು. ಇಸ್ತ್ರಿಯ ಅಂಗಿ ಬೆವರಿನಿಂದ ತೊಯ್ದು ಮೈಗಂಟಿತ್ತು.

"ಮಗೂ... ಐದು."

ಅವರು ಆ ಅಂಕ ಕೊಟ್ಟದ್ದನ್ನು ಮಗಳು ಕೇಳಿದ್ದು ಅದೇ ಮೊದಲು. ತಕ್ಷಣ ನರ್ಸಿಗೆ ಫೋನು ಮಾಡಿದಳು.

"ಐದಕ್ಕೆ ಡಾಕ್ಟ್ರು ಒಪ್ಪಲ್ಲ ಅಕ್ಕಾ. ಏಳು ಅನ್ನಲಿ, ಈಗ್ಲೇ ವ್ಯಾನ್ ತಿರುಗಿಸ್ತೀನಿ."

ಫೋನನ್ನು ತಂದೆಯ ಬಾಯಿಯ ಬಳಿ ಹಿಡಿದು ಮಗಳು ಅಂಗಲಾಚಿದಳು. "ಏಳು ಅನ್ನಿ ಅಪ್ಪಾ. ನನ್ನಾಣೆ."

ಮೇಷ್ಟರು ಕಣ್ಣು ಮುಚ್ಚಿದರು. ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡವರಂತೆ ಬಹಳ ಹೊತ್ತು ತೂಗಿ ನೋಡಿದರು.

"ಎಲ್ಲಾ ಈಗ್ಲೇ ಕೊಟ್ಬಿಟ್ರೆ," ಎಂದರು ಮೆಲ್ಲಗೆ, "ಮುಂದೆ ಬರೋದಕ್ಕೆ ಏನು ಕೊಡಲಿ ಮಗೂ?"

ಆ ಕಡೆ ನರ್ಸು ಇನ್ನೂ ಕಾಯುತ್ತಿದ್ದಳು. ಮಗಳು ಫೋನನ್ನು ಹಾಸಿಗೆಯ ಮೇಲಿರಿಸಿ, ಟವೆಲ್ಲನ್ನು ಮಡಿಸಿ, ಅವರ ಹಲ್ಲುಗಳ ನಡುವೆ ಇಟ್ಟಳು.