ನಲವತ್ತು ಲೆಕ್ಕ, ಅರವತ್ತು ನಿಮಿಷ
ಯಾರದೋ ಪೆನ್ನಿನ ಕ್ಯಾಪ್ ನೆಲಕ್ಕೆ ಬಿದ್ದು ಉರುಳುತ್ತಿದೆ, ಬೆಂಚಿನ ಕಾಲಿಗೆ ತಾಗಿತು, ನಿಂತಿತು, ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ, ಎತ್ತಿಕೊಳ್ಳುವುದಿಲ್ಲ ಅಂತ ನನಗೆ ಗೊತ್ತು, ನನ್ನ ಪರೀಕ್ಷೆಯಲ್ಲಿ ಬಗ್ಗುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ — ನಲವತ್ತು ಲೆಕ್ಕ, ಅರವತ್ತು ನಿಮಿಷ, ಒಂದಕ್ಕೆ ಒಂದೂವರೆ ನಿಮಿಷ, ಈ ನಿಯಮ ಮಾಡಿದವನು ನಾನೇ, ಹೆಡ್‌ಮೇಡಂ ಬರೀ ಸಹಿ ಹಾಕಿದ್ದು. ಇಪ್ಪತ್ತನಾಲ್ಕು ಸರಿಯಾದರೆ ಮೇಲಿನ ವಿಭಾಗ, ಇಲ್ಲದಿದ್ದರೆ ಕೆಳಗಿನದು, ಕೆಳಗಿನದರಲ್ಲಿ ಬೀಜಗಣಿತ ಇಲ್ಲ, ಅಲ್ಲಿಗೆ ಹೋದವರು ಮುಂದೆ ಗಣಿತ ತೆಗೆದುಕೊಳ್ಳುವ ಹಾಗೂ ಇಲ್ಲ, ಹದಿನಾಲ್ಕನೇ ವಯಸ್ಸಿಗೇ ಬಾಗಿಲು ಮುಚ್ಚಿತು. ಹದಿಮೂರು ನಿಮಿಷ ಉಳಿದಿದೆ. ಮುಂದಿನ ಬೆಂಚಿನ ಕನ್ನಡಕದವನು ಮೂವತ್ತೈದರಲ್ಲಿದ್ದಾನೆ, ಕುದುರೆ ಏರಿದವನ ಹಾಗೆ ಬರೆಯುತ್ತಾನೆ, ಭೇಷ್, ಕಿಟಕಿ ಪಕ್ಕದವಳು ಮೂವತ್ತೊಂದು, ಮೂರನೇ ಸಾಲಿನ ಕೊನೆಯಲ್ಲಿ ಅಕ್ಕನ ಮಗಳು, ಆರನೇ ಲೆಕ್ಕ, ಹೋದ ಸುತ್ತಿನಲ್ಲೂ ಆರೇ, ಅದರ ಹಿಂದಿನ ಸುತ್ತಿನಲ್ಲೂ ಆರೇ, ಏನೇ ತಾಯಿ ಮಾಡ್ತಿದೀಯಾ, ಎಕ್ಸ್ ವರ್ಗ ಪ್ಲಸ್ ಆರು ಎಕ್ಸ್ ಈಕ್ವಲ್ ಟು ಹದಿನಾರು, ಸೂತ್ರಕ್ಕೆ ಹಾಕು, ಎರಡು, ಇಲ್ಲವೇ ಮೈನಸ್ ಎಂಟು, ಎಂಟು ಸೆಕೆಂಡಿನ ಕೆಲಸ, ನಾನು ಹಲ್ಲುಜ್ಜುತ್ತಾ ಮಾಡುತ್ತೇನೆ. ನಿನ್ನೆ ಸಂಜೆ ಅಕ್ಕ ಫೋನ್ ಮಾಡಿದ್ದಳು, ಅವಳ ಹೊಲಿಗೆ ಅಂಗಡಿಯಿಂದಲೇ, ಹಿಂದೆ ಮಿಷನ್ನಿನ ಸದ್ದು, ಸದ್ದು ನಿಂತಿತು, ನೋಡೋ, ಅವಳಿಗೊಬ್ಬಳಿಗೇ ಏನಾದ್ರೂ ಮಾಡು ಅನ್ನಲ್ಲ, ಆದ್ರೆ ಎಲ್ಲಾ ಮಕ್ಕಳಿಗೂ ಸ್ವಲ್ಪ ಟೈಮ್ ಜಾಸ್ತಿ ಕೊಡೋಕಾಗಲ್ವಾ? ನಿಯಮ ಅಂದ್ಮೇಲೆ ನಿಯಮ ಅಕ್ಕ, ನಾನೇ ಮುರಿದ್ರೆ ಹೇಗೆ? ಮಿಷನ್ನಿನ ಸದ್ದು ಮತ್ತೆ ಶುರುವಾಯಿತು, ಊಟ ಆಯ್ತಾ, ಅಂತ ಕೇಳಿದಳು. ಆಯ್ತು ಅಂದೆ, ಆಗಿರಲಿಲ್ಲ.

ಅಕ್ಕ ಯಾವಾಗಲೂ ಹಾಗೇ, ಜಗಳ ಆಡುವುದಿಲ್ಲ, ಊಟ ಕೇಳುತ್ತಾಳೆ. ಜ್ವರ ಬಂದು ಅವಳ ಒಂದು ವರ್ಷ ಹಾಳಾಗಿತ್ತು, ಹಾಗಾಗಿ ನಾವಿಬ್ಬರೂ ಒಂದೇ ತರಗತಿ, ಒಂದೇ ಮೇಜು, ಇಬ್ಬರಿಗೂ ಸೇರಿ ಒಂದೇ ಗಣಿತ ಪುಸ್ತಕ, ಅಪ್ಪ ಬಸ್ ಡಿಪೋದಲ್ಲಿ ಬಸ್ಸು ಹೊರಡುವ ಹೊತ್ತು ಬರೆದುಕೊಳ್ಳುವ ಕೆಲಸದವರು, ಮನೆಗೂ ಆ ಗಡಿಯಾರವನ್ನೇ ತಂದಿದ್ದರು, ಯಾರು ಮೊದಲು ಮುಗಿಸ್ತಾರೋ ಅವರು ಪುಟ ತಿರುಗಿಸ್ಬೇಕು, ಇದು ಅಪ್ಪನ ಕಾನೂನು, ತಿರುಗಿಸಿದ್ದು ಯಾವಾಗಲೂ ನಾನೇ. ಅಕ್ಕ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟಿರುತ್ತಿದ್ದಳು, ನಾನು ಹಾಳೆ ಎತ್ತುವಾಗ ಅವಳ ಬೆರಳೂ ಅದರ ಜೊತೆ ಸ್ವಲ್ಪ ಮೇಲೆ ಬರುತ್ತಿತ್ತು, ಆಮೇಲೆ ಜಾರುತ್ತಿತ್ತು, ತಡಿಯೋ, ಇದು ಯಾಕೆ ಹೀಗೆ ಬರುತ್ತೆ ಅಂತ ಗೊತ್ತಾಗ್ಲಿಲ್ಲ, ಅಯ್ಯೋ ಪರೀಕ್ಷೆಲಿ ಯಾಕೆ ಅಂತ ಯಾರು ಕೇಳ್ತಾರೆ ಅಕ್ಕ, ಎಷ್ಟು ಅಂತ ಕೇಳ್ತಾರೆ ಅಷ್ಟೇ, ಅಪ್ಪ ಹೋ ಹೋ ಅಂತ ನಕ್ಕು ನನಗೆ ಮಿಂಚು ಅಂತ ಹೆಸರಿಟ್ಟರು, ಬಂದ ನೆಂಟರ ಮುಂದೆಲ್ಲ, ಮಿಂಚು, ಹದಿನೇಳು ಇಪ್ಪತ್ಮೂರ್ಲಿ ಎಷ್ಟೋ, ಮುನ್ನೂರ ತೊಂಬತ್ತೊಂದು, ನೆಂಟರು ಬಾಯಿಬಿಟ್ಟುಕೊಂಡು ನೋಡುವರು, ಅಕ್ಕ ಒಳಗೆ ಹೋಗಿ ಅವರಿಗೆ ನೀರು ತರುವಳು. ವರ್ಷದ ಕೊನೆಯ ಪರೀಕ್ಷೆಯಲ್ಲಿ ನನಗೆ ತೊಂಬತ್ತೆಂಟು ಬಂತು, ಅವಳಿಗೆ ಮೂವತ್ತೊಂದು. ಇವಳ ತಲೆಗೆ ಗಣಿತ ಹತ್ತಲ್ಲ ಬಿಡು, ಅಂದರು ಅಪ್ಪ, ಸಿಟ್ಟಿನಿಂದಲ್ಲ, ಬಸ್ಸು ತಡವಾಗಿದೆ ಅಂತ ಬರೆದುಕೊಳ್ಳುವ ಹಾಗೆ, ಅಲ್ಲೇ ಕೂತಿದ್ದೆ, ಹತ್ತುತ್ತೆ ಅಪ್ಪ, ನಾನೇ ಹತ್ತಿಸಿಕೊಳ್ಳೋಕೆ ಬಿಡ್ಲಿಲ್ಲ, ಅಂತ ಒಂದು ಮಾತು ಬಾಯಿಗೆ ಬರಲಿಲ್ಲ, ಬಂದದ್ದು ನಗು. ಥೂ. ಆಮೇಲೆ ನನ್ನ ಸರದಿಯೂ ಬಂತು, ಕಾಲೇಜಿನ ಎರಡನೇ ವರ್ಷ, ಪ್ರಶ್ನೆಪತ್ರಿಕೆಯ ತುಂಬ ಸಾಧಿಸಿ, ಸಾಧಿಸಿ, ಎಷ್ಟು ಅಂತ ಒಂದು ಕಡೆಯೂ ಕೇಳಿರಲಿಲ್ಲ, ಬೋರ್ಡಿನ ಹತ್ತಿರ ಕರೆದು ಲೆಕ್ಚರರು, ಉತ್ತರ ಬೇಡಪ್ಪಾ, ದಾರಿ ಹೇಳು, ಅಂದಾಗ ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ, ದಾರಿ ಯಾವತ್ತೂ ನೋಡಿದವನಲ್ಲ, ಹಾರಿಕೊಂಡೇ ಬಂದವನು. ಹೇಗೋ ಪಾಸಾದೆ, ಹೇಗೋ ಮೇಷ್ಟ್ರಾದೆ, ಗೊತ್ತಿಲ್ಲದ್ದನ್ನು ಮುಚ್ಚಿಕೊಳ್ಳುವುದಕ್ಕೆ ಗಡಿಯಾರದಷ್ಟು ಒಳ್ಳೆಯ ಪರದೆ ಇನ್ನೊಂದಿಲ್ಲ, ಸರ್ ಇದು ಯಾಕೆ, ಟೈಮಿಲ್ಲ ಕೂತ್ಕೋ, ಇಪ್ಪತ್ತೆರಡು ವರ್ಷ ಇದೊಂದೇ ಉತ್ತರದಲ್ಲಿ ಸಂಸಾರ ನಡೆಸಿದ್ದೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಸ್ಟಾಪ್‌ವಾಚ್ ಅನ್ನುತ್ತಾರೆ, ಅದೂ ಗೊತ್ತು.

ಏಳು ನಿಮಿಷ. ಇನ್ನೊಂದು ಸುತ್ತು, ಮೂರನೇ ಸಾಲು, ನಿಲ್ಲಬಾರದು, ಅಕ್ಕನ ಮಗಳ ಹತ್ತಿರ ನಿಂತರೆ ಹಿಂದಿನವರು ಏನಂದುಕೊಂಡಾರು, ನಿಂತೆ. ಏಳರಿಂದ ನಲವತ್ತರವರೆಗೆ ಬರೀ ನಂಬರು ಹಾಕಿಟ್ಟಿದ್ದಾಳೆ, ಖಾಲಿ, ಆರರ ಎದುರು ಚಿತ್ರ, ಗಣಿತದ ಪೇಪರಿನಲ್ಲಿ ಚಿತ್ರ ಏನೇ, ಒಂದು ಚೌಕ, ಒಳಗೆ ಎಕ್ಸ್ ವರ್ಗ ಅಂತ ಬರೆದಿದ್ದಾಳೆ, ಆರು ಎಕ್ಸನ್ನು ಮಧ್ಯಕ್ಕೆ ಕತ್ತರಿಸಿ ಎರಡು ಪಟ್ಟಿ ಮಾಡಿದ್ದಾಳೆ, ಎರಡೂ ಮೂರರ ಅಗಲ, ಒಂದನ್ನು ಬಲಕ್ಕೆ ಸೇರಿಸಿದ್ದಾಳೆ, ಇನ್ನೊಂದನ್ನು ಕೆಳಕ್ಕೆ, ಸೇರಿಸಿದ ಕಡೆಯಲ್ಲೆಲ್ಲ ಸಣ್ಣ ಸಣ್ಣ ಅಡ್ಡ ಗೆರೆ, ಹೊಲಿಗೆ, ಅಯ್ಯೋ ಅದು ಹೊಲಿಗೆ, ಎಲ್ಲ ಸೇರಿ ದೊಡ್ಡ ಚೌಕ ಆಗಬೇಕು, ಒಂದು ಮೂಲೆ ಸಾಲುತ್ತಿಲ್ಲ, ಮೂರಕ್ಕೆ ಮೂರು, ಒಂಬತ್ತು, ಅದೊಂದು ತುಂಡು ಹಾಕಿಬಿಟ್ಟರೆ — ಹದಿನಾರಕ್ಕೆ ಒಂಬತ್ತು, ಇಪ್ಪತ್ತೈದು, ಐದರ ಚೌಕ, ಐದರಲ್ಲಿ ಮೂರು ಹೋದರೆ ಎರಡು. ಎರಡು! ನಾನು ಇಷ್ಟು ವರ್ಷ ಅರ್ಧ ಮಾಡಿ ವರ್ಗ ಮಾಡಿ ಎರಡೂ ಕಡೆ ಕೂಡಿಸಿ ಅಂತ ಮಂತ್ರದ ಹಾಗೆ ಹೇಳಿಸಿದ್ದು ಈ ಮೂಲೆಯನ್ನಾ, ಯಾವ ಪುಣ್ಯಾತ್ಮನೂ ನನಗೆ ತೋರಿಸಿರಲಿಲ್ಲ — ಸುಳ್ಳು, ತೋರಿಸಿದ್ದರು, ಆ ಮೇಜು, ಆ ಸಂಜೆ, ಅಕ್ಕ ಪುಸ್ತಕದ ಅಂಚಿನಲ್ಲಿ ಏನೋ ಗೀಚಿ, ಲೇ, ಇಲ್ನೋಡೋ, ಒಂದು ಮೂಲೆ ಕಮ್ಮಿ ಬೀಳುತ್ತೆ ಕಣೋ, ಅದಕ್ಕೇ ಕೂಡಿಸೋದು, ಮುಖ ಹೇಗಿತ್ತು ಅವಳದು ಆಗ, ನೋಡಲಿಲ್ಲ, ನನ್ನ ಕಣ್ಣು ಮುಂದಿನ ಲೆಕ್ಕದ ಮೇಲಿತ್ತು, ಮುಗೀತು ನಂದು, ಅಂದೆ, ಹಾಳೆ ಎತ್ತಿದೆ. ಅವಳ ತಲೆಗೆ ಹತ್ತಿತ್ತು, ನನಗಿಂತ ಮೂವತ್ತು ವರ್ಷ ಮೊದಲೇ ಹತ್ತಿತ್ತು, ಅದನ್ನು ಯಾರಿಗೂ ಹೇಳದೆ ಬಟ್ಟೆ ತುಂಡಿನಲ್ಲಿ ಮಗಳಿಗೆ ಹೇಳಿಕೊಟ್ಟಿದ್ದಾಳೆ. ಮೂರು ನಿಮಿಷ. ಕೊಟ್ಟುಬಿಡಲೇ, ಎಲ್ಲರಿಗೂ ಹತ್ತು ನಿಮಿಷ ಜಾಸ್ತಿ, ಹತ್ತು ನಿಮಿಷದಲ್ಲಿ ಇವಳು ಇಪ್ಪತ್ತನಾಲ್ಕು ಮುಟ್ಟುತ್ತಾಳೆಯೇ, ಇಲ್ಲ, ಹಾಗಾದರೆ ನಿಯಮವನ್ನೇ ಬಿಡಲೇ, ಹೆಡ್‌ಮೇಡಂ ಹತ್ತಿರ ಹೋಗಿ, ಮೇಡಂ, ಈ ಪರೀಕ್ಷೆ ತಪ್ಪು, ನಾನು ಮಾಡಿದ್ದು ತಪ್ಪು, ಅಕ್ಕನ ಮಗಳು ಅಂತ ಹೀಗೆ ಹೇಳ್ತಿದೀರಾ ಸರ್, ಅಂದಾರು, ಅನ್ನಲಿ, ಹೇಳುತ್ತೇನೆ, ಇವತ್ತೇ ಹೇಳುತ್ತೇನೆ, ಈಗ ಇವಳ ಪಾಡಿಗೆ ಇವಳನ್ನು ಬಿಟ್ಟರೆ ಸಾಕು, ಆ ಒಂದು ಲೆಕ್ಕವಾದರೂ — ಗಂಟೆ ಹೊಡೆಯಿತು. ಪೆನ್ ಕೆಳಗೆ, ಅಂದೆ, ನಾನೆಲ್ಲಿ ಅಂದೆ, ಇಪ್ಪತ್ತೆರಡು ವರ್ಷದ ಬಾಯಿ ತಾನಾಗಿ ಅಂದಿತು, ಕಾಲು ತಾನಾಗಿ ಮೊದಲ ಸಾಲಿಗೆ ಹೋಯಿತು, ಕೈ ಸರಸರ ಪೇಪರು ಎಳೆಯುತ್ತಾ ಬಂತು, ಗಂಟೆಯಾದ ಮೇಲೆ ಬರೆದರೆ ಐದು ಅಂಕ ಕಟ್, ಎಲ್ಲರಿಗೂ ಗೊತ್ತಿರುವುದೇ, ಎರಡನೇ ಸಾಲು, ಮೂರನೇ ಸಾಲು, ಅವಳ ಹತ್ತಿರ ನಿಲ್ಲಬೇಕು, ನಿಲ್ಲುತ್ತೇನೆ, ಮಾಮಾ, ಒಂದೇ ನಿಮಿಷ, ಅಂದಳು, ಶಾಲೆಯಲ್ಲಿ ಒಂದು ದಿನವೂ ಮಾಮ ಅಂದವಳಲ್ಲ, ಅಷ್ಟರಲ್ಲಿ ಎಳೆದಾಗಿತ್ತು. ಅವಳ ಪೆನ್ ಇನ್ನೂ ಹಾಳೆಯ ಮೇಲಿತ್ತು. ಆರರ ಮೂಲೆಯಿಂದ ಹೊರಟ ಒಂದು ನೀಲಿ ಗೆರೆ, ಏಳು, ಎಂಟು, ಒಂಬತ್ತು, ಖಾಲಿ ನಂಬರುಗಳ ಮೇಲೆ ಹಾದು, ಹಾಳೆಯ ಅಂಚಿನವರೆಗೆ. ಸರ್, ನಮ್ದು ತಗೊಳ್ಳಲ್ವಾ, ಹಿಂದಿನವರು ಕೇಳುತ್ತಿದ್ದಾರೆ, ತಗೊಳ್ಳಬೇಕು, ಇನ್ನೂ ಎರಡು ಸಾಲು ಇದೆ, ಗೆರೆ, ಸಂಜೆ ಅಕ್ಕ ಫೋನ್ ಮಾಡುತ್ತಾಳೆ, ಹೇಗೆ ಬರೆದ್ಲೋ, ಅಂತ ಕೇಳುತ್ತಾಳೆ, ಕೇಳುವುದಿಲ್ಲ, ಊಟ ಆಯ್ತಾ ಅಂತ ಕೇಳುತ್ತಾಳೆ, ಆ ಗೆರೆ, ಇನ್ನೂ ಶಾಯಿ ಒಣಗಿಲ್ಲ, ಹುಡುಗಿ ಪೆನ್ನನ್ನು ಹಾಗೇ ಹಿಡಿದುಕೊಂಡು ಬರೀ ಮೇಜು ನೋಡುತ್ತಿದ್ದಾಳೆ, ನನ್ನ ಕೈಯಲ್ಲಿ ಹಾಳೆ, ಹಾಳೆಯ ಉದ್ದಕ್ಕೂ ಆ ಗೆರೆ