ಒದ್ದೆ ಹೊಟ್ಟೆಯ ಹಕ್ಕಿ

ಗೂಡನ್ನು ತೋರಿಸಿಕೊಟ್ಟವಳು ತಾನೇ ಎಂಬುದನ್ನು ಮನೋರಮಾ ಎಂದೂ ಅಲ್ಲಗಳೆಯಲಿಲ್ಲ. ಆ ಒಂದು ತಪ್ಪನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಉಳಿದದ್ದೆಲ್ಲ ತಮ್ಮನ ತಪ್ಪು ಎನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದಳು.

ಅದು ಎಂಬತ್ತೆರಡರ ಏಪ್ರಿಲ್. ಕಾರ್ಕಳದ ಶಾಲೆಯಲ್ಲಿ ಪರೀಕ್ಷೆ ಮುಗಿಸಿ, ಪೇಪರು ತಿದ್ದಿ ಕೊಟ್ಟ ಮರುದಿನವೇ ಮನೋರಮಾ ಟೀಚರು ಗಂಡ ಕರುಣಾಕರನನ್ನೂ ಹನ್ನೆರಡು ವರ್ಷದ ಮಗಳು ಪ್ರಫುಲ್ಲಾಳನ್ನೂ ಹೊರಡಿಸಿಕೊಂಡು, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಬಂದಿದ್ದಳು. ಅಲ್ಲಿ ಸರಸ ಚಿಕ್ಕಮ್ಮನ ಮನೆ. ಅಂಗಳ ದಾಟಿದರೆ ತೆಂಗಿನ ತೋಟ, ತೋಟ ದಾಟಿದರೆ ಮರಳು ತುಂಬಿದ ಹೊಯಿಗೆಯ ಬಯಲು, ಬಯಲು ದಾಟಿದರೆ ಕಡಲು. ಮಸ್ಕತ್ತಿನಲ್ಲಿದ್ದ ತಮ್ಮ ಸರ್ವೋತ್ತಮ ಎರಡು ವರ್ಷದ ಮೇಲೆ ರಜೆಯಲ್ಲಿ ಬಂದಿದ್ದ. ಎಲ್ಲರೂ ಒಂದು ವಾರ ಒಟ್ಟಿಗೆ ಇರಬೇಕೆಂದು ಚಿಕ್ಕಮ್ಮನೇ ಹಟ ಹಿಡಿದು ಕರೆಸಿದ್ದಳು.

ಮನೋರಮಾಳಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಮಗ್ಗಿ ತಪ್ಪಿದ ಮಕ್ಕಳ ಮುಂದೆ ಎರಡು ನಿಮಿಷ ತಾಳದ ಹೆಂಗಸು, ಹಕ್ಕಿಯ ಮುಂದೆ ಮಾತ್ರ ಎರಡು ಗಂಟೆ ಮಿಸುಕಾಡದೆ ಕೂರುತ್ತಿದ್ದಳು. ಕಾಪುವಿಗೆ ಬಂದ ದಿನ ಸಂಜೆಯೇ ಅವಳು ಬಯಲಿನಲ್ಲಿ ಆ ಟಿಟ್ಟಿಭದ ಜೋಡಿಯನ್ನು ಕಂಡಳು. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ, ಮನುಷ್ಯರ ವಾಸನೆ ಬಡಿದರೆ ಸಾಕು ಊರು ಎಬ್ಬಿಸುವ ಗಂಟಲು. ಗೂಡು ಎಂದರೆ ಗೂಡಲ್ಲ, ಹೊಯಿಗೆಯಲ್ಲಿ ಒಂದು ಅಂಗೈಯಗಲದ ತಗ್ಗು, ಸುತ್ತ ನಾಲ್ಕು ಕಲ್ಲು ಚೂರು, ನಡುವೆ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ತುಳಿಯುವವನಿಗೂ ಕಾಣದ ಹಾಗೆ ಇದ್ದವು.

ಮರುದಿನ ನಡುಮಧ್ಯಾಹ್ನ ತೆಂಗಿನ ಮರದ ಬುಡದಲ್ಲಿ ಕೂತು ಅವಳು ಇನ್ನೊಂದನ್ನು ಕಂಡಳು. ಹೊಯಿಗೆ ಕಾದು ಬರಿಗಾಲಿಡಲು ಆಗದ ಹೊತ್ತಿನಲ್ಲಿ ಹಕ್ಕಿ ಎದ್ದು ಪಕ್ಕದ ತೋಡಿಗೆ ಓಡಿತು. ನೀರಿನಲ್ಲಿ ಹೊಟ್ಟೆ ಅದ್ದಿ, ಗರಿ ತೊಯ್ಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂತಿತು. ಒಂದು ಎದ್ದರೆ ಇನ್ನೊಂದು ಬಂತು. ಹೀಗೆ ಸರದಿಯಲ್ಲಿ ಮೂರು ಗಂಟೆಯವರೆಗೆ ನೀರು ಹೊತ್ತವು. ಮನೋರಮಾಳ ಕಣ್ಣಲ್ಲಿ ನೀರೇ ಬಂತು. ಆ ಸಂತೋಷ ಹೊಟ್ಟೆಯಲ್ಲಿ ಉಳಿಯದೆ, ಊಟಕ್ಕೆ ಕೂತಲ್ಲಿ ಎಲ್ಲರಿಗೂ ಹೇಳಿಬಿಟ್ಟಳು.

ಸರ್ವೋತ್ತಮ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಬಟ್ಟಲಿಗೆ ಇಳಿಸಿದ.

"ಅಕ್ಕ, ನನಗೆ ಬೇಕಾದ್ದು ಇದೇ ಮಾರಾಯ್ತಿ! ನಮ್ಮ ಮ್ಯಾನೇಜರ್ ಇಮ್ಯಾನುಯೆಲ್ ಸಾಹೇಬರಿಗೆ ಹಕ್ಕಿ ಎಂದರೆ ಪ್ರಾಣ. ಕಂಪೆನಿಯ ಕ್ಯಾಲೆಂಡರಿಗೆ ಊರಿನದ್ದು ಒಂದು ಒಳ್ಳೆಯ ಫೋಟೋ ತಾ ಎಂದಿದ್ದಾರೆ. ಇದನ್ನು ಕೊಟ್ಟರೆ ಭಾವನ ವೀಸಾದ ಮಾತು ತೆಗೆಯಲಿಕ್ಕೆ ನನಗೂ ಮುಖ ಉಂಟು."

ಕರುಣಾಕರ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವನು ಲೆಕ್ಕ ಬರೆಯುತ್ತಿದ್ದ ಹಂಚಿನ ಕಾರ್ಖಾನೆಗೆ ದೀಪಾವಳಿಯ ಹೊತ್ತಿಗೆ ಬೀಗ ಬೀಳುತ್ತದೆಂದು ಊರೆಲ್ಲ ಗುಲ್ಲಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುವ ಹಾಗೆ, ಪಾಸ್‌ಪೋರ್ಟು ಮಾಡಿಸಿ ಎಂಟು ತಿಂಗಳಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಸರ್ವೋತ್ತಮ ಗೂಡಿಗೆ ಹದಿನೈದು ಹೆಜ್ಜೆ ದೂರದಲ್ಲಿ ನಾಲ್ಕು ಗೂಟ ಹುಗಿದು, ಹೆಣೆದ ತೆಂಗಿನ ಮಡಲು ಕಟ್ಟಿ ಮರೆ ಮಾಡಿದ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಜಪಾನಿನ ಕ್ಯಾಮೆರಾ, ಅದಕ್ಕೆ ಮೊಳದುದ್ದದ ಲೆನ್ಸು. ಅಷ್ಟಕ್ಕೇ ನಿಂತಿದ್ದರೆ ಸರಿ. ಮೊಟ್ಟೆ ಕಣ್ಣಿಗೆ ಎದ್ದು ಕಾಣುವುದಿಲ್ಲವೆಂದು ಸುತ್ತಲಿನ ಕಲ್ಲು ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಎಸೆದ, ಪಕ್ಕದ ಒಣಹುಲ್ಲು ಕಿತ್ತ. ಕಡಲಿನಿಂದ ಬಿಳಿ ಹೊಯಿಗೆ ತಂದು ಸುತ್ತ ಉದುರಿಸಿದ. ಮದುವೆ ಮನೆಯ ಹುಡುಗಿಗೆ ಪೌಡರು ಬಳಿದ ಹಾಗೆ ಗೂಡಿಗೆ ಅಲಂಕಾರವಾಯಿತು. ಮೇಲೆ ಗರುಡ ಸುತ್ತುತ್ತಿದ್ದರೆ ಅದಕ್ಕೂ ಕಾಣಲಿ ಎಂದು!

ಮನೋರಮಾ ಸ್ನಾನ ಮುಗಿಸಿ ಬಯಲಿಗೆ ಬರುವಾಗ ಹನ್ನೆರಡಾಗಿತ್ತು. ಸರ್ವೋತ್ತಮ ಮರೆಯ ಒಳಗಿದ್ದ. ಹೊರಗೆ ಕರುಣಾಕರ ಕೊಡೆ ಹಿಡಿದು ನಿಂತಿದ್ದ, ಪಕ್ಕದಲ್ಲಿ ಪ್ರಫುಲ್ಲಾ. ಹಕ್ಕಿಗಳೆರಡೂ ತಲೆಯ ಮೇಲೆ ಬೊಬ್ಬೆ ಹಾಕಿ ಸುತ್ತುತ್ತಿದ್ದವು. ಮೊಟ್ಟೆಗಳು ಬರಿಬಿಸಿಲಲ್ಲಿ ಬಿದ್ದಿದ್ದವು.

"ಎಷ್ಟು ಹೊತ್ತಾಯಿತು?"

"ಅರ್ಧ ಗಂಟೆ," ಎಂದ ಕರುಣಾಕರ. ಆಮೇಲೆ ದನಿ ತಗ್ಗಿಸಿ, "ಏನೂ ಹೇಳಬೇಡ ಮಾರಾಯ್ತಿ. ಇವತ್ತು ಒಂದು ದಿನ."

ಅವಳು ಹಲ್ಲು ಕಚ್ಚಿಕೊಂಡು ಸ್ವಲ್ಪ ಹೊತ್ತು ನಿಂತಳು. ನಿಜಕ್ಕೂ ನಿಂತಳು. ಗಂಡನ ಬೆವರಿದ ಮುಖ ನೋಡಿದಳು, ಪಾಪ ಅನ್ನಿಸಿತು. ಹೆಣ್ಣು ಹಕ್ಕಿ ತೋಡಿನಿಂದ ಹೊಟ್ಟೆ ತೊಯ್ಯಿಸಿಕೊಂಡು ಬಂತು, ಮರೆಯನ್ನು ಕಂಡು ತಿರುಗಿ ಓಡಿತು. ಮತ್ತೆ ಬಂತು, ಮತ್ತೆ ಓಡಿತು. ಅದರ ಹೊಟ್ಟೆಯಿಂದ ಬಿದ್ದ ಹನಿ ಹೊಯಿಗೆಯಲ್ಲಿ ಬಿದ್ದಲ್ಲೇ ಇಂಗಿತು. ಮನೋರಮಾಳಿಗೆ ಇನ್ನು ತಡೆಯಲಾಗಲಿಲ್ಲ. ಸೀದಾ ಹೋಗಿ ಗೂಡಿನ ಪಕ್ಕದಲ್ಲಿ, ಲೆನ್ಸಿಗೆ ಎದುರಾಗಿ ನಿಂತುಬಿಟ್ಟಳು.

"ಸರ್ವೋತ್ತಮಾ, ಹೊರಗೆ ಬಾ!"

"ಹತ್ತು ನಿಮಿಷ ಅಕ್ಕ. ಬರುತ್ತಾ ಉಂಟು, ನೀನು ಆಚೆ ಸರಿ."

"ಹತ್ತು ನಿಮಿಷದಲ್ಲಿ ಅದು ಮೊಟ್ಟೆಯಲ್ಲ, ಬೇಯಿಸಿದ ಮೊಟ್ಟೆ. ನಿನಗೆ ಬೇಕಾದರೆ ಉಪ್ಪು ಮೆಣಸು ಹಾಕಿ ತಿನ್ನು!"

ಸರ್ವೋತ್ತಮ ಮಡಲು ಸರಿಸಿ ಹೊರಗೆ ಬಂದ. ಅವನ ಮುಖವೂ ಕೆಂಪಾಗಿತ್ತು. "ಎಂತ ಅಕ್ಕ ನಿನ್ನದು? ನಾನು ಯಾರಿಗೋಸ್ಕರ ಈ ಬಿಸಿಲಲ್ಲಿ ಸಾಯುತ್ತಿದ್ದೇನೆ? ನನಗೆ ವೀಸಾ ಬೇಕಾ? ನಿನ್ನ ಗಂಡನಿಗೆ ಅಲ್ವಾ?"

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ವೀಸಾದ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬೇಡ. ನಿನಗೆ ಬೇಕಾದ್ದು ಸಾಹೇಬರ ಶಹಬ್ಬಾಸ್‌ಗಿರಿ."

"ಹಕ್ಕಿಯ ಮೇಲೆ ಇಷ್ಟು ಕರುಳು ಉಂಟಲ್ಲ ನಿನಗೆ, ಅಮ್ಮ ಮಣಿಪಾಲದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ವಾರ ರಜೆ ಹಾಕಲಿಕ್ಕೆ ಆಗಲಿಲ್ಲವಲ್ಲ?"

ಅಲ್ಲಿಗೆ ಮಾತು ಹಕ್ಕಿಯನ್ನು ಬಿಟ್ಟು ಹಾರಿತು. ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಮೂರು ವರ್ಷವೂ ಇಬ್ಬರೂ ಆ ಮಾತನ್ನು ಬಾಯಿಗೆ ತಂದಿರಲಿಲ್ಲ, ಈಗ ಹೊಯಿಗೆಯ ನಡುವೆ ನಿಂತು ಎಲ್ಲವನ್ನೂ ತಂದರು.

"ನಾನು ದಿನಾ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಹೋಗಿ, ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತು ಬೆಳಿಗ್ಗೆ ಬರುತ್ತಿದ್ದೆ. ಕೇಳು ನಿನ್ನ ಭಾವನನ್ನು! ನೀನು ಎಂತ ಮಾಡಿದೆ? ಟೇಪ್ ರೆಕಾರ್ಡರ್ ಕಳಿಸಿದೆ. ಅಮ್ಮನಿಗೆ ಹಾಡು ಕೇಳಿಸು ಎಂದು ಬರೆದೆ. ಅವಳಿಗೆ ಬೇಕಾದ್ದು ಹಾಡಾ?"

"ರಜೆ ಕೊಡಲಿಲ್ಲ ಅಕ್ಕ! ಪಾಸ್‌ಪೋರ್ಟು ಕಂಪೆನಿಯವರ ಕೈಯಲ್ಲಿತ್ತು!"

"ಕ್ಯಾಲೆಂಡರಿಗೆ ಫೋಟೋ ಕೇಳುವ ಸಾಹೇಬರಿಗೆ ಅಮ್ಮ ಸಾಯುತ್ತಿದ್ದಾಳೆ ಎಂದು ಹೇಳಲಿಕ್ಕೆ ನಿನಗೆ ಬಾಯಿ ಇರಲಿಲ್ಲವಾ?"

"ಅಮ್ಮ," ಎಂದಳು ಪ್ರಫುಲ್ಲಾ. "ಹಕ್ಕಿ ಬಂತು."

"ನೀನು ಸುಮ್ಮನಿರು!"

ಕರುಣಾಕರ ಬಂದು ಹೆಂಡತಿಯ ಕೈ ಹಿಡಿದ. ಅವಳು ಕೊಡವಿದಳು. ಗಲಾಟೆ ಕೇಳಿ ತೋಟದ ಕಡೆಯಿಂದ ಚಿಕ್ಕಮ್ಮ ಓಡಿಬಂದಳು. ಅಕ್ಕ ತಮ್ಮನ ನಡುವೆ ನಿಂತು ಇಬ್ಬರಿಗೂ ಬೈದಳು, ಬೈಗುಳಕ್ಕೆ ಇಬ್ಬರೂ ಉತ್ತರ ಕೊಟ್ಟರು. ಕೊನೆಗೆ ಸರ್ವೋತ್ತಮ, "ನೀನು ಬೊಬ್ಬೆ ಹಾಕು, ನಾನು ನನ್ನ ಕೆಲಸ ಮಾಡುತ್ತೇನೆ," ಎಂದು ಮರೆಯ ಒಳಗೆ ನುಗ್ಗಿದ. ಮನೋರಮಾ ನಿಂತಲ್ಲಿಂದ ಕದಲದೆ ಮಡಲಿನ ಗೋಡೆಗೇ ಬೈದಳು. ಪಾಠ ಹೇಳುವ ಗಂಟಲು, ಕಡಲ ಬದಿಯ ಲೈಟ್‌ಹೌಸಿನವರೆಗೆ ಕೇಳಿಸಿರಬೇಕು.

"ಅಮ್ಮ, ಹಕ್ಕಿ," ಎಂದಳು ಪ್ರಫುಲ್ಲಾ ಮತ್ತೊಮ್ಮೆ. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮರೆಯೊಳಗಿನಿಂದ ಕ್ಲಿಕ್ ಎಂಬ ಸದ್ದು ಒಂದೇ ಒಂದು ಸಲ ಬಂತು. ಆಮೇಲೆ ಸರ್ವೋತ್ತಮ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ಕ್ಯಾಮೆರಾ ಹೆಗಲಿಗೇರಿಸಿ ನಡೆದುಬಿಟ್ಟ. ಎಲ್ಲರೂ ಮನೆಗೆ ಬಂದು ಗಡಿಯಾರ ನೋಡಿದಾಗ ಒಂದೂಕಾಲು.

ಎರಡು ಗಂಟೆಗೆ ಮನೋರಮಾ ಒಬ್ಬಳೇ ತೋಟದ ಅಂಚಿಗೆ ಹೋಗಿ ನೋಡಿದಳು. ಹಕ್ಕಿ ಮೊಟ್ಟೆಯ ಮೇಲೆ ಕೂತಿತ್ತು. "ಕೂತಿದೆಯಲ್ಲ, ಎಂತ ಆಯಿತು ಈಗ? ಸುಮ್ಮನೆ ರಂಪ ಮಾಡಿದೆ," ಎಂದ ಕರುಣಾಕರ, ಅವಳು ಮನೆಗೆ ಬಂದು ಹೇಳಿದಾಗ. ಮರುದಿನ ಮೊದಲ ಬಸ್ಸಿಗೆ ಸರ್ವೋತ್ತಮ ಉಡುಪಿಯ ಗೆಳೆಯನ ಮನೆಗೆ ಹೋದವನು, ಅಲ್ಲಿಂದಲೇ ಬೊಂಬಾಯಿ ದಾರಿ ಹಿಡಿದ. ವಾರದ ರಜೆ ಮೂರೇ ದಿನಕ್ಕೆ ಮುಗಿಯಿತು.

ಆಮೇಲೆ ಮನೋರಮಾ ಪ್ರತಿ ಭಾನುವಾರ ಕಾರ್ಕಳದಿಂದ ಕಾಪುವಿಗೆ ಬಂದಳು. ಹಕ್ಕಿ ಕೂತೇ ಇತ್ತು. ಮೇ ತಿಂಗಳ ಮೊದಲ ಭಾನುವಾರ ಕೂತಿತ್ತು, ಎರಡನೆಯದಕ್ಕೆ ಕೂತಿತ್ತು. ಮೂರನೆಯ ಭಾನುವಾರದ ಹೊತ್ತಿಗೆ ಮರಿ ಹೊರಬಂದು ಬಯಲಲ್ಲಿ ಓಡಾಡಬೇಕಿತ್ತು. ಆಗಲೂ ಹಕ್ಕಿ ತೋಡಿಗೆ ಹೋಗಿ ಹೊಟ್ಟೆ ತೊಯ್ಯಿಸಿಕೊಂಡು ಬಂದು ಕೂರುತ್ತಿತ್ತು. ಒಂದು ದಿನ ಕಾಗೆ ಒಂದು ಮೊಟ್ಟೆ ಒಡೆಯಿತು. ಚಿಕ್ಕಮ್ಮ ಹೋಗಿ ನೋಡಿ, ಒಳಗೆ ಮರಿಯ ಆಕಾರ ಮೂಡಿ ಹಾಗೆಯೇ ಕೊಳೆತಿತ್ತು ಎಂದಳು. ಉಳಿದ ಮೂರರ ಮೇಲೆ ಹಕ್ಕಿ ಮತ್ತೂ ಕೂತಿತು. ಜೂನ್ ಮೊದಲ ವಾರ ಮಳೆ ಹೊಡೆದು, ತಗ್ಗಿನಲ್ಲಿ ನೀರು ನಿಂತು ಮೊಟ್ಟೆ ತೇಲಿದ ಮೇಲೆ ಎದ್ದು ಹೋಯಿತು.

ಮನೋರಮಾ ತಮ್ಮನಿಗೆ ಕಾಗದ ಬರೆಯಲಿಲ್ಲ. ಅವನ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಆ ಸಿಟ್ಟು ಅವಳಿಗೆ ಒಂಥರಾ ಹಿತವಾಗಿಯೇ ಇತ್ತು ಎಂದರೆ ತಪ್ಪಲ್ಲ. ಯಾರ ಮೇಲೆ, ಯಾಕೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲದ ಸಿಟ್ಟು ಬಹಳ ಸುಖದ ವಸ್ತು.

ಜುಲೈ ಕೊನೆಯಲ್ಲಿ ಮಸ್ಕತ್ತಿನಿಂದ ಲಕೋಟೆ ಬಂತು. ಮೊದಲು ಒಡೆದದ್ದು ಕರುಣಾಕರ. ಓದಿ ಅವನ ಮುಖ ಅರಳಿತು. "ಸಾಹೇಬರು ಒಪ್ಪಿದ್ದಾರಂತೆ! ಸೆಪ್ಟೆಂಬರಿಗೆ ವೀಸಾ ಕಳಿಸುತ್ತಾರಂತೆ. ಫೋಟೋ ಅಷ್ಟು ಹಿಡಿಸಿತಂತೆ. ನೋಡು, ಎಷ್ಟು ಲಾಯಕ್ ಬಂದಿದೆ!"

ಅವಳು ನೋಡುವುದಿಲ್ಲವೆಂದೇ ಇದ್ದಳು. ಆದರೆ ಹಕ್ಕಿ ಎಂದ ಮೇಲೆ ಕಣ್ಣು ಕೇಳಬೇಕಲ್ಲ, ಕೈಗೆ ತೆಗೆದುಕೊಂಡಳು.

ಹಕ್ಕಿ ಸ್ಪಷ್ಟವಾಗಿ ಬಂದಿತ್ತು. ಹೊಟ್ಟೆಯ ಬಿಳಿ ಗರಿಗಳು ಒದ್ದೆಯಾಗಿ ಅಂಟಿಕೊಂಡಿದ್ದವು, ಒಂದು ಹನಿ ಬೀಳಲು ತಯಾರಾಗಿ ನಿಂತಿತ್ತು. ಕೊಕ್ಕು ತೆರೆದಿತ್ತು. ಅದು ಲೆನ್ಸನ್ನು ನೋಡುತ್ತಿರಲಿಲ್ಲ, ಮಡಲಿನ ಮರೆಯನ್ನೂ ನೋಡುತ್ತಿರಲಿಲ್ಲ. ಕತ್ತು ಓರೆ ಮಾಡಿ ಚಿತ್ರದ ಬಲಗಡೆಗೆ ನೋಡುತ್ತಿತ್ತು. ಬಲಗಡೆಯ ಅಂಚಿನಲ್ಲಿ, ಮೊಟ್ಟೆಗಳಿಗೆ ಎರಡು ಗೇಣು ದೂರದಲ್ಲಿ, ಒಂದು ಪಾದವಿತ್ತು. ನೀಲಿ ಸೀರೆಯ ಅಂಚು, ರಬ್ಬರ್ ಚಪ್ಪಲಿ, ಬೆರಳಲ್ಲಿ ಕಾಲುಂಗುರ.

ಮನೋರಮಾ ಕಾಗದ ಓದಿದಳು. "ಅಕ್ಕ, ನಿನ್ನ ಸಿಟ್ಟು ಇಳಿದಿರಬೇಕೆಂದು ತಿಳಿಯುತ್ತೇನೆ. ಅಂಚಿನಲ್ಲಿ ನಿನ್ನ ಕಾಲು ಬಂದಿದೆ. ಕ್ಯಾಲೆಂಡರಿನಲ್ಲಿ ಅದನ್ನು ಕತ್ತರಿಸಿ ತೆಗೆಯುತ್ತಾರಂತೆ, ಬೇಸರ ಮಾಡಬೇಡ."

ಅವಳು ಕುರ್ಚಿಯಲ್ಲಿ ಕೂತಳು. ಮೊದಲ ಅರ್ಧ ಗಂಟೆ ಅವನದು. ಆಮೇಲಿನ ಮುಕ್ಕಾಲು ಗಂಟೆ? ಅವನು ಹದಿನೈದು ಹೆಜ್ಜೆ ದೂರದಲ್ಲಿದ್ದ, ಮರೆಯಲ್ಲಾದರೂ ಇದ್ದ. ಅವಳು ಮೊಟ್ಟೆಯ ಪಕ್ಕದಲ್ಲೇ ನಿಂತು ಅಮ್ಮನ ಲೆಕ್ಕ ಚುಕ್ತಾ ಮಾಡುತ್ತಿದ್ದಳು. ಪ್ರಫುಲ್ಲಾ ಎರಡು ಸಲ ಹೇಳಿದ್ದಳು. ಹಕ್ಕಿಗೆ ಬೇಕಾಗಿದ್ದದ್ದು ಅವರೆಲ್ಲ ಅಲ್ಲಿಂದ ಹೋಗುವುದು ಮಾತ್ರ, ಮನೋರಮಾ ಗೆಲ್ಲುವುದಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು, ತಮ್ಮನನ್ನು ತೋಟಕ್ಕೆ ಎಳೆದುಕೊಂಡು ಹೋಗಿ ಜಗಳವಾಡಬಹುದಿತ್ತು. ಇಷ್ಟು ಹಕ್ಕಿ ನೋಡಿದವಳಿಗೆ ಅದು ಹೊಳೆಯಲಿಲ್ಲ. ತನ್ನ ಮೇಲೆಯೇ ಬಂದ ಸಿಟ್ಟಿಗೆ ಅವಳು ಕುರ್ಚಿಯಿಂದ ಎದ್ದುಬಿಟ್ಟಳು.

"ಎಂತ ಆಯಿತು?" ಎಂದ ಕರುಣಾಕರ.

"ಪೆನ್ನು ಕೊಡಿ."

ಅವಳು ನಿಂತೇ ಬರೆದಳು, ಕಪಾಟಿನ ಮೇಲೆ ಕಾಗದವಿಟ್ಟು.

"ಸರ್ವೋತ್ತಮ, ಮೊಟ್ಟೆ ಒಂದೂ ಒಡೆದು ಮರಿಯಾಗಲಿಲ್ಲ. ಮಳೆ ಬರುವವರೆಗೂ ಆ ತಾಯಿ ಸತ್ತ ಮೊಟ್ಟೆಗೆ ನೀರು ಹೊತ್ತಳು. ಫೋಟೋದಿಂದ ನನ್ನ ಕಾಲು ಕತ್ತರಿಸಬೇಡಿ ಎಂದು ನಿನ್ನ ಸಾಹೇಬರಿಗೆ ಹೇಳು. ಕೊಂದದ್ದರಲ್ಲಿ ಆ ಕಾಲಿಗೂ ಪಾಲು ಉಂಟು, ಅದು ಅಲ್ಲೇ ಇರಲಿ. ಹಾಗೆಂದು ನಿನ್ನ ಪಾಲು ಮಾಫಿಯಾಯಿತು ಎಂದು ತಿಳಿಯಬೇಡ. ಅಕ್ಕ."

ಕರುಣಾಕರ ಹೆಗಲ ಮೇಲಿನಿಂದ ಓದಿದ. ಅವನ ಮುಖ ಬಾಡಿತು. "ಬರೆದದ್ದು ಬರೆದೆ. ಸೆಪ್ಟೆಂಬರ್ ಕಳೆದು ವೀಸಾ ಕೈಗೆ ಬಂದ ಮೇಲೆ ಅಂಚೆಗೆ ಹಾಕಿದರೆ ಆಗುವುದಿಲ್ಲವಾ?"

"ಕ್ಯಾಲೆಂಡರ್ ಅಚ್ಚಾಗುವುದು ಅದಕ್ಕೆ ಮೊದಲೇ," ಎಂದು ಮನೋರಮಾ ಕೊಡೆ ಬಿಡಿಸಿ, ಮಳೆಯಲ್ಲಿ ಅಂಚೆ ಕಛೇರಿಗೆ ನಡೆದಳು.