ಅತ್ತೆ ಹೇಳದ ಮಾತು

"ನನ್ ಗ್ಯಾಪಕ ಕೆಟ್ಟೈತೆ ಅಂತೀಯಾ? ಬೆಳಿಗ್ಗೆ ತಿಂದಿದ್ದು ಮಧ್ಯಾಹ್ನಕ್ಕೆ ಮರೆಯೋಳು ನೀನು! ಆವತ್ತು ನೀನು ಯಾವ ಲಂಗ ಹಾಕಿದ್ದೆ ಕೇಳು, ಹೇಳ್ತೀನಿ!"

ಕಥೆ ಓದಿಸಿ ಕೇಳಿದ ಸೋದರತ್ತೆ ಗಂಗುಲಮ್ಮ ಗದರಿದರೂ ಸಂಘಮಿತ್ರ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. ಕಥಾಸ್ಪರ್ಧೆಗೆ ಐದರೊಳಗೆ ಕಥೆ ಕಳಿಸಬೇಕು. ಆಗಲೇ ನಾಲ್ಕೂವರೆ. ಬರೆದದ್ದು ತನ್ನದೇ ಬಾಲ್ಯ: ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಶೆಡ್ಡು, ಶಾಲೆ ಬಿಟ್ಟ ಹುಡುಗಿ, ಅವಳಿಗೆ ಗುರುವಾದ ಸೋದರತ್ತೆ. ಅತ್ತೆ ಹುಡುಗಿಯ ಬಲಗೈಯನ್ನು ಬಿಸಿನೀರಿಗೆ ಅದ್ದಿ, 'ಈ ಉರಿ ಮರೀಬೇಡ, ಹೋಗಿ ಓದು' ಅನ್ನುತ್ತಾಳೆ. ಚಿಂತಾಮಣಿಯ ಕಾಲೇಜಿನಲ್ಲಿ ಪಾಠ ಮಾಡುವ ಸಂಘಮಿತ್ರ ಇಷ್ಟು ವರ್ಷ ಆ ಮಾತನ್ನೇ ನೆಚ್ಚಿಕೊಂಡು ಬಂದವಳು.

"ನಾನು ಅಂಗೆ ಅನ್ಲೇ ಇಲ್ಲ ಕಣಮ್ಮ."

"ಅಂದಿದ್ದೆ ಅತ್ತೆ. ಇನ್ನೂ ಕಿವಿಯಲ್ಲಿದೆ."

"ಯಾವ ಕಿವಿನೇ? ಶೆಡ್ಡಿನ ಆ ಸದ್ದಲ್ಲಿ ಪಕ್ಕದೋಳು ಕಿರುಚಿದ್ರೂ ಕೇಳ್ತಿರ್ಲಿಲ್ಲ. ಆವತ್ತು ನನ್ ನೂಲಿನ ಎಳೆ ಕಿತ್ತು ಕಿತ್ತು ಬರ್ತಿತ್ತು. ಮೇಸ್ತ್ರಿ ಎಲ್ಲರ ಮುಂದೆ ನನ್ನ ಬೈದ. ಅವನಿಗೆ ತಿರುಗಿ ಅನ್ನೋಕೆ ಧೈರ್ಯ ಇರ್ಲಿಲ್ಲ. ಪಕ್ಕದಲ್ಲಿ ನೀನು ಕೂತಿದ್ದೆ. ನಾನೇ ನಿನ್ ಕೈ ಹಿಡಿದು ಬಿಸಿನೀರಿಗೆ ಅದ್ದಿಬಿಟ್ಟೆ. ಪಾಠ ಅಂತ ಅಲ್ಲ. ಕ್ವಾಪಕ್ಕೆ."

ಸಂಘಮಿತ್ರ ಲ್ಯಾಪ್‌ಟಾಪಿನಿಂದ ಬಲಗೈ ತೆಗೆದಳು.

"ಹಂಗಾದ್ರೆ ನನ್ನ ಸ್ಕೂಲಿಗೆ ಕಳಿಸಿದ್ದು ಯಾರು?"

"ಯಾರೂ ಇಲ್ಲ. ಸುಟ್ಟ ಕೈಯೋಳನ್ನ ಶೆಡ್ಡಿಗೆ ಯಾರು ಸೇರಿಸ್ತಾರೆ? ಮನೇಲಿ ಕೂತು ಬೇಜಾರಾಗಿ ನೀನೇ ಎದ್ದು ಹೋದೆ. ಎಡಗೈಲಿ ಬರ್ಕೊಂಡು ಬರ್ತಿದ್ದೆ, ಕೋಳಿ ಕೆದರಿದಂಗೆ."

"ಇದನ್ನ ಬರೆದ್ರೆ ಗುರುನೇ ಇರಲ್ಲ ಅತ್ತೆ. ಓದಿದೋರು ನಿನ್ನ ಉಗೀತಾರೆ."

"ಉಗೀಲಿ. ನನ್ನ ದೇವ್ರು ಮಾಡಿ ಕೂರಿಸಿಬಿಟ್ರೆ, ತಪ್ಪು ಮಾಡ್ದೆ ಅಂತ ನಾನು ಯಾರತ್ರ ಹೇಳ್ಕೊಳ್ಳಲಿ?"

ಸಂಘಮಿತ್ರ 'ಈ ಉರಿ ಮರೀಬೇಡ' ಅನ್ನುವ ಸಾಲಿಗೆ ಹಿಂತಿರುಗಿದಳು. ಐದಕ್ಕೆ ಏಳು ನಿಮಿಷವಿದ್ದಾಗ ಅದನ್ನು ಅಳಿಸಿದಳು. 'ಅತ್ತೆ ಏನೂ ಅನ್ನಲಿಲ್ಲ, ಮುಖ ತಿರುಗಿಸಿಕೊಂಡಳು' ಎಂದು ಬರೆದಳು. ಮೇಸ್ತ್ರಿಯ ಬೈಗುಳವನ್ನೂ ಎಡಗೈಯಲ್ಲಿ ಬರೆಯುವ ಹುಡುಗಿಯನ್ನೂ ಸೇರಿಸಿದಳು. ತಿದ್ದಿದ್ದನ್ನು ಗಟ್ಟಿಯಾಗಿ ಓದಿ, ಕಳಿಸುವ ಮುನ್ನ ಅತ್ತೆಯ ಮುಖ ನೋಡಿದಳು.

"ಕಥೇಲಿ ಅತ್ತೆಗೆ ಹೆಸರೂ ನಂದೇ ಹಾಕು. ಹಿಂಗೇ ಕಳ್ಸು. ಓದ್ದೋರಿಗೆ ಹೇಳು, ಇನ್ನ ನಾಲ್ಕ್ ಜನಕ್ಕೆ ಹೇಳ್ಲಿ."

ಸಂಘಮಿತ್ರ ಹೆಸರು ಸೇರಿಸಿ ಕಳಿಸಿದಳು. ಗಂಗುಲಮ್ಮ ಒಳಗೆ ಹೋಗಿ ಟೀ ಮಾಡಿಕೊಂಡು ಬಂದಳು. ಎರಡು ಸಲ ಎತ್ತಿ ಹುಯ್ದು ಆರಿಸಿದಳು. ಲೋಟದ ಹೊರಮೈಗೆ ತನ್ನ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿದು ನೋಡಿ, ಆಮೇಲೆ ಸೋದರಸೊಸೆಯ ಬಲಗೈಗೆ ಕೊಟ್ಟಳು.